ಕರೆಂಟ್ ಹೋದಾಗ ರಂದಾ ಮಷಿನ್ ನೋಡಿ

ತಾಂಡೂರು ಬಳಿಯ ಬಶೀರಾಬಾದಿನ ಬಡಿಗೇರರ ಶೆಡ್ಡಿಗೆ ಮೊದಲ ಸಲ ಹೋದವರು ಮೋಟಾರ್ ಶುರುವಾಗಲಿ ಎಂದು ಕಾಯುತ್ತಾರೆ. ಕಾಯಬೇಡಿ. ಹಳೆಯ ರಂದಾ ಮಷಿನ್ ನೋಡಲು ತಕ್ಕ ಹೊತ್ತೆಂದರೆ ಕರೆಂಟ್ ಹೋದಾಗ. ಪಟ್ಟಾ ನಿಂತಿರುತ್ತದೆ, ಹೊಟ್ಟು ನೆಲಕ್ಕೆ ಕೂತಿರುತ್ತದೆ, ಬಡಿಗೇರರಿಗೂ ಮಾತಾಡಲು ಪುರುಸೊತ್ತು. ಆದರೂ ಮೇನ್ ಸ್ವಿಚ್ ಆಫ್ ಮಾಡಿಸಿಕೊಂಡೇ ಕೈ ಹಾಕಿ. ಕರೆಂಟ್ ಹೇಳಿ ಕೇಳಿ ಬರುವುದಿಲ್ಲ.

ಹೆಸರು ರಂದಾ ಆದರೂ ಇದು ಬರೀ ಕೀಸುವ ಯಂತ್ರವಲ್ಲ. ಒಂದೇ ಬೀಡಿನ ಮೈ, ಅದರೊಳಗೆ ಒಂದೇ ಶಾಫ್ಟು. ನಡುವೆ ಬ್ಲೇಡು ಕಟ್ಟಿದ ಉರುಳೆ, ತುದಿಗೆ ದುಂಡು ಗರಗಸ ಇಲ್ಲವೇ ಡ್ರಿಲ್ ಚಕ್. ಅಮೆರಿಕದಲ್ಲಿ ಹಾನ್ಸ್ ಗೋಲ್ಡ್‌ಶ್ಮಿಟ್ ಎಂಬಾತ ಮಾಡಿದ ಶಾಪ್‌ಸ್ಮಿತ್ ಎಂಬ ಹಲವು ಕೆಲಸದ ಯಂತ್ರ 1947ರಲ್ಲಿ ಮಾರುಕಟ್ಟೆಗೆ ಬಂತು. ಗರಗಸ, ಲೇಥು, ಡ್ರಿಲ್ಲು ಎಲ್ಲ ಒಂದರಲ್ಲೇ. ಮನೆಯ ಮೂಲೆಯಲ್ಲಿ ಹವ್ಯಾಸಕ್ಕೆ ಕೆತ್ತುವವರ ನಾಜೂಕು ಯಂತ್ರ ಅದು, ಒಂದೊಂದು ಕೆಲಸಕ್ಕೂ ಜೋಡಣೆ ಬದಲಿಸಬೇಕು. ಬಟಾಲಾ, ಜಲಂಧರ್, ರಾಜಕೋಟ್ ಕಡೆಯ ಎರಕದ ನಮ್ಮ ರಂದಾಕ್ಕೆ ಆ ನಾಜೂಕಿಲ್ಲ. ಚೌಕಟ್ಟಿನ ತೊಲೆಯನ್ನೇ ತಿನ್ನುವ ಜಾತಿ. ಗರಗಸ ಬಿಚ್ಚಿಡದಿದ್ದರೆ ಕೀಸುವಾಗಲೂ ಪಕ್ಕದಲ್ಲಿ ಅದು ತಿರುಗುತ್ತಲೇ ಇರುತ್ತದೆ. ಇದರ ಚೆಂದವೂ ಅದೇ, ಅಪಾಯವೂ ಅದೇ.

ಬಣ್ಣ ನೋಡಿ ಊರು ಹೇಳಲು ಹೋಗಬೇಡಿ. ದಸರೆಯ ಆಯುಧಪೂಜೆ ಬಂತೆಂದರೆ ಮಷಿನ್ನಿಗೆ ಇನ್ನೊಂದು ಕೈ ಬಣ್ಣ ಬೀಳುತ್ತದೆ. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಬೂದಿ. ಎರಕದಲ್ಲೇ ಎದ್ದಿದ್ದ ಅಕ್ಷರಗಳು ಆ ಪದರಗಳಡಿ ಮುಳುಗಿರುತ್ತವೆ. ಸೀಮೆಸುಣ್ಣವನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಿ. ಉಬ್ಬು ಬಿಳಿಯಾಗುತ್ತದೆ, ತಗ್ಗು ಹಾಗೇ ಉಳಿಯುತ್ತದೆ, ಹೆಸರು ಮೇಲೆ ಬರುತ್ತದೆ. ಒಮ್ಮೆ ಸೀಮೆಸುಣ್ಣ ಇರಲಿಲ್ಲ. ಬಡಿಗೇರರು ದೇವರ ಗೂಡಿನಿಂದ ವಿಭೂತಿ ತಂದುಕೊಟ್ಟರು. ಅದು ಇನ್ನೂ ಚೆನ್ನಾಗಿ ಕೂತಿತು.

ಆಮೇಲೆ ಖಾಲಿ ತೂತುಗಳನ್ನು ಹುಡುಕಿ. ಹೊಸಬರು ನೋಡದೆ ಬಿಡುವುದು ಇವನ್ನೇ. ಮೈಯ ಬದಿಯಲ್ಲಿ ಥ್ರೆಡ್ ಹೊಡೆದ ನಾಲ್ಕು ತೂತು ಸುಮ್ಮನೆ ಬಾಯಿ ತೆರೆದಿದ್ದರೆ ಅಲ್ಲೊಂದು ಗರಗಸದ ಮೇಜೋ ಡ್ರಿಲ್ಲಿನ ಜಾರುಮೇಜೋ ಕೂರಬೇಕಿತ್ತು. ತೂತಿನ ಸುತ್ತ ಬೀಡನ್ನು ನುಣ್ಣಗೆ ಕಡೆದಿದ್ದರೆ ಕಾರ್ಖಾನೆಯ ಕೆಲಸ. ಒರಟಾಗಿದ್ದರೆ ಇಲ್ಲೇ ಯಾರೋ ಕೊರೆದದ್ದು. ತೂತಿನ ಅಂಚು ಸವೆದಿದೆಯೇ? ಮೇಜು ಇತ್ತು, ಹೋಗಿದೆ. ಅಂಚು ಚೂಪಾಗಿಯೇ ಇದೆಯೇ? ಕೊಂಡವರು ಮೇಜು ತರಿಸಲೇ ಇಲ್ಲ.

ಬಿಡಿಭಾಗ ಯಾವ ಮಷಿನ್ನಿನದು ಎಂದು ತೀರ್ಮಾನಿಸುವುದು ಶಾಫ್ಟಿನ ದಪ್ಪ. ಅದನ್ನು ಅಳೆಯಲು ಬಿಚ್ಚಲೇಬೇಕೆಂದಿಲ್ಲ, ಬೇರಿಂಗಿನ ಮೇಲೆ ಕೊರೆದ ನಂಬರ್ ಓದಿದರೆ ಸಾಕು. 6205 ಎಂದಿದ್ದರೆ ಕೊನೆಯ 05 ಅನ್ನು 5ರಿಂದ ಗುಣಿಸಿ. ಒಳತೂತು 25 ಮಿಲಿಮೀಟರ್. 6204 ಆದರೆ 20. ಈ ಲೆಕ್ಕ ಗೊತ್ತಿಲ್ಲದ ಕಾಲದಲ್ಲಿ ನಾನು ಗುಜರಿಯಿಂದ ಒಂದು ಗರಗಸದ ಚಕ್ರ ತಂದಿದ್ದೆ. ಅದರ ತೂತು ಒಂದು ಇಂಚು, ಅಂದರೆ 25.4. ಶಾಫ್ಟು 25. ಸಲೀಸಾಗಿ ಕೂತಿತು, ಹಿಗ್ಗಿದೆ. ತಿರುಗಿಸಿದರೆ ಒಂದೇ ಕಡೆಯ ಹಲ್ಲು ಕಚ್ಚುತ್ತಿತ್ತು, ಹಲಗೆ ನಡುಗುತ್ತಿತ್ತು. ಅರ್ಧ ಮಿಲಿಮೀಟರೂ ಇಲ್ಲದ ಸಂದಿಗೆ ಬೇವಿನ ಹಲಗೆಯೊಂದು ಬಲಿಯಾಯಿತು.

ಬೋಲ್ಟಿನಲ್ಲೂ ಹೀಗೊಂದು ಮೋಸವಿದೆ. ಅರ್ಧ ಇಂಚಿನ ಇಂಗ್ಲಿಷ್ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಸುತ್ತು, ಅಮೆರಿಕದ ದಪ್ಪ ಥ್ರೆಡ್ಡಿನ ಬೋಲ್ಟಿಗೆ 13. ಒಂದರ ನಟ್ಟು ಇನ್ನೊಂದಕ್ಕೆ ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿದರೆ ಪಾನಾಕ್ಕೆ ಪೈಪು ತೊಡಿಸಿ ಜಗ್ಗಬೇಡಿ.

ಪುಲ್ಲಿ ಮೂಲದ್ದೋ ಅಲ್ಲವೋ ಎಂಬುದಕ್ಕೆ ಬಾಯಿಲೆಕ್ಕ ಸಾಕು. ಮೋಟಾರಿನ ಫಲಕದ ಮೇಲೆ 1440 ಎಂದಿದ್ದು, ಅದರ ಪುಲ್ಲಿ ಆರು ಇಂಚು, ಶಾಫ್ಟಿನದು ಎರಡು ಇಂಚು ಆದರೆ ಉರುಳೆ ನಿಮಿಷಕ್ಕೆ 4320 ಸುತ್ತು ಹಾಕುತ್ತದೆ. ಕೀಸಲು ಹದವಾದ ವೇಗ. ಎರಡೂ ಪುಲ್ಲಿ ಒಂದೇ ಅಳತೆಯಾಗಿದ್ದರೆ ಯಾರೋ ಸಿಕ್ಕಿದ್ದನ್ನು ಸಿಕ್ಕಿಸಿದ್ದಾರೆ. ಮರದ ಮೈಯಲ್ಲಿ ಅಲೆ ಅಲೆ ಗುರುತು ಬೀಳುವುದು ಆಗಲೇ. ಉರುಳೆ ದುಂಡಗಿರದೆ ಚೌಕವಾಗಿದ್ದರೆ ಮಷಿನ್ ತುಂಬಾ ಹಳೆಯದು. ನೋಡಿ ಸಂತೋಷಪಡಿ, ಓಡಿಸಬೇಡಿ. ಚೌಕದ ಉರುಳೆ ಬೆರಳನ್ನು ಆಳಕ್ಕೆ ಎಳೆದುಕೊಳ್ಳುತ್ತದೆ.

ಹೆಸರುಗಳ ಗೊಂದಲಕ್ಕೆ ಹೆದರಬೇಡಿ. ಈಗ ತೆಲಂಗಾಣದಲ್ಲಿರುವ ತಾಂಡೂರು, ಕೊಡಂಗಲ್ ತಾಲೂಕುಗಳು 1956ರ ತನಕ ಗುಲಬರ್ಗಾ ಜಿಲ್ಲೆಯಲ್ಲೇ ಇದ್ದವು, ಹಾಗಾಗಿ ಮಾತೂ ಬೆರೆತಿದೆ. ನಮ್ಮ ಬಡಿಗೇರ ತೆಲುಗರ ವಡ್ಲ, ಇಬ್ಬರ ಬಾಯಲ್ಲೂ ದಖನಿಯ ರಂದಾ. ಗಿರಮಿಟ್ ಕೇಳಿದರೆ ಇಲ್ಲಿ ಕೈಗೆ ಬರುವುದು ತೂತು ಕೊರೆಯುವ ಸಾಮಾನು. ಹುಬ್ಬಳ್ಳಿಯಿಂದ ಬಂದವರು ಮಂಡಕ್ಕಿಗೆ ಕಾಯಬಾರದು.

ಕೊನೆಗೆ ತಪ್ಪದೆ ಕೇಳಬೇಕಾದ ಮಾತೊಂದಿದೆ. ಇದರ ಉಳಿದ ಸಾಮಾನು ಎಲ್ಲಿ? “ಏನ್ ಇಲ್ರಿ, ಎಲ್ಲಾ ಹೋಗ್ಯಾವ್” ಎಂಬುದೇ ಮೊದಲ ಉತ್ತರ. ಅಷ್ಟಕ್ಕೇ ಎದ್ದು ಬರಬೇಡಿ, ತಲೆ ಎತ್ತಿ ತಗಡಿನ ಕೆಳಗಿನ ಅಡ್ಡತೊಲೆ ನೋಡಿ. ನಾನು ನೋಡಿದ ಒಂದು ಶೆಡ್ಡಿನಲ್ಲಿ ಅಲ್ಲೊಂದು ಗೋಣಿಚೀಲ ಇತ್ತು. ಅದರಲ್ಲಿ ಗರಗಸದ ಗಾರ್ಡು, ಗೈಡು, ಹಲ್ಲು ಸವೆದ ಡ್ರಿಲ್ ಚಕ್, ಅದರ ಚಾವಿ, ಎಲ್ಲವೂ ಗ್ರೀಸಿನಲ್ಲಿ ಅಂಟಿಕೊಂಡು ಒಂದೇ ಮುದ್ದೆಯಾಗಿದ್ದವು. ಮೈಯನ್ನು ಗುಜರಿಯವರು ಬೀಡಿನ ಕಿಲೋ ಲೆಕ್ಕದಲ್ಲಿ ಒಯ್ಯುತ್ತಾರೆ, ಚೀಲವನ್ನು ಅದರ ಜೊತೆ ಸುಮ್ಮನೆ ಕೊಟ್ಟುಬಿಡುತ್ತೇವೆ. ನಿಮ್ಮೂರಲ್ಲೂ ಮಷಿನ್ ತೂಕಕ್ಕೆ ಹೋಗುವ ಮೊದಲು ಆ ಚೀಲವನ್ನೊಮ್ಮೆ ಕೆಳಗಿಳಿಸಿ ನೋಡಿ.