ಕಪ್ಪೆಯ ಅಂಡ ಹಿಡಿದುಕೊಟ್ಟ ಜೀನ್

ಆಫ್ರಿಕಾದ ಝೆನೋಪಸ್ ಕಪ್ಪೆಯ ಅಂಡವನ್ನು ಹತ್ತಿರದಿಂದ ನೋಡಬೇಕು: ಮಿಲಿಮೀಟರಿಗಿಂತ ತುಸು ದಪ್ಪ, ಅರ್ಧ ಕಡುಕಂದು, ಇನ್ನರ್ಧ ನಸುಹಳದಿ. ಬರಿಗಣ್ಣಿಗೇ ಕಾಣುವ ಈ ಒಂದೇ ಜೀವಕೋಶಕ್ಕೆ ಗಾಜಿನ ಸೂಜಿಯಿಂದ ಆರ್‌ಎನ್‌ಎ ಚುಚ್ಚಿದರೆ, ಅದು ಯಾವ ಪ್ರಾಣಿಯದೆಂದು ನೋಡದೆ ಪ್ರೋಟೀನು ಮಾಡಿಕೊಡುತ್ತದೆ. ಮೊಲದ ಆರ್‌ಎನ್‌ಎ ಬಳಸಿ ಇದನ್ನು 1971ರಲ್ಲಿ ತೋರಿಸಿದವರು ಜೀವವಿಜ್ಞಾನಿ ಜಾನ್ ಗರ್ಡನ್ ಮತ್ತು ಸಂಗಡಿಗರು.

ಇದರ ಬೆಲೆ ಪೂರ್ತಿ ತಿಳಿದದ್ದು ಇಂಟರ್‌ಫೆರಾನ್ ಹುಡುಕಾಟದಲ್ಲಿ. ವೈರಸ್ ಹೊಕ್ಕ ಕೋಶ ನೆರೆಯ ಕೋಶಗಳಿಗೆ ಕಳಿಸುವ ಎಚ್ಚರಿಕೆ ಅದು. ಬಿಳಿ ರಕ್ತಕಣಗಳಲ್ಲಿ ಅದರ ಆರ್‌ಎನ್‌ಎ ತೀರಾ ವಿರಳ. ಜ್ಯೂರಿಕ್‌ನ ಚಾರ್ಲ್ಸ್ ವೈಸ್‌ಮನ್ ತಂಡ ಆ ಕಣಗಳ ಆರ್‌ಎನ್‌ಎಯನ್ನು ಭಾಗಭಾಗವಾಗಿ ಬೇರ್ಪಡಿಸಿ ಅಂಡಗಳಿಗೆ ಚುಚ್ಚಿತು. ಯಾವ ಅಂಡದಿಂದ ಬಂದ ರಸ ಕೋಶಗಳನ್ನು ವೈರಸ್ಸಿನಿಂದ ಕಾಪಾಡಿತೋ, ಅದಕ್ಕೆ ಚುಚ್ಚಿದ ಭಾಗದಲ್ಲಿ ಜೀನ್‌ನ ಸುಳಿವು. ಅನುಕ್ರಮವೇ ತಿಳಿಯದ ಜೀನನ್ನು ಅದು ಮಾಡುವ ಕೆಲಸದಿಂದಲೇ ಹಿಡಿದ ಈ ಜಾಣ್ಮೆ ನನಗೆ ಇಂದಿಗೂ ಬೆರಗು. ಆ ಆರ್‌ಎನ್‌ಎಯಿಂದ ಡಿಎನ್‌ಎ ಮಾಡಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ತದ್ರೂಪು ತುಣುಕುಗಳನ್ನೂ ಅಂಡದ ನೆರವಿನಿಂದಲೇ ಜರಡಿ ಹಿಡಿದರು. ಬ್ಯಾಕ್ಟೀರಿಯಾ ಮಾನವ ಇಂಟರ್‌ಫೆರಾನ್ ತಯಾರಿಸಿದ ಸುದ್ದಿ 1980ರಲ್ಲಿ ಪ್ರಕಟವಾದಾಗ ಹೊಗಳಿಕೆಯೆಲ್ಲ ಬ್ಯಾಕ್ಟೀರಿಯಾದ ಪಾಲಾಯಿತು.

ಮುಂದೆ ಝೆನೋಪಸ್‌ನ ಸ್ವಂತ ಇಂಟರ್‌ಫೆರಾನ್ ಜೀನ್‌ಗಳೂ ಸಿಕ್ಕವು. ಕಪ್ಪೆಗಳನ್ನು ಕಾಡುವ ರಾನಾವೈರಸ್ ತಗುಲಿದ ಗೊದಮೊಟ್ಟೆಗಳಲ್ಲಿ ಅವು ಎಷ್ಟು ದುಡಿಯುತ್ತವೆಂದು ಸಂಶೋಧಕರು ಅಳೆಯುತ್ತಿದ್ದಾರೆ.