‘ದಿ ವೈರ್’ : ನೇತೃವಿಲ್ಲದ ಕರುಣ

ದೃಶ್ಯಕಾವ್ಯಗಳ ಭೇದವನ್ನು ನಿರ್ಣಯಿಸುವುವು ವಸ್ತು, ನೇತೃ, ರಸ ಎಂಬ ಮೂರು ಎಂದು ಧನಂಜಯನು ದಶರೂಪಕದಲ್ಲಿ ಹೇಳಿರುವನಷ್ಟೆ. ಇವುಗಳಲ್ಲಿ ನಡುವಣದಾದ ನೇತೃವನ್ನು ತೆಗೆದುಬಿಟ್ಟರೆ ಕಡೆಯದಾದ ರಸವು ನಿಲ್ಲಬಲ್ಲುದೆ? ಅಮೆರಿಕಾ ದೇಶದ ‘ದಿ ವೈರ್’ ಎಂಬ ದೂರದರ್ಶನದ ಧಾರಾವಾಹಿಯನ್ನು ನೋಡಿದ ಮಿತ್ರರಲ್ಲಿ ಕೆಲವರು ನಿಲ್ಲಲಾರದೆಂದು ವಾದಿಸುತ್ತಾರೆ. ಅರುವತ್ತು ಗಂಟೆ ನೋಡಿದರೂ ಇವನೇ ನಾಯಕನೆಂದು ಬೆರಳಿಟ್ಟು ತೋರಿಸಲು ಒಬ್ಬನೂ ಸಿಕ್ಕನು, ಹಾಗಿರುವಲ್ಲಿ ಕಣ್ಣೀರು ಯಾರಿಗಾಗಿ, ಎಂಬುದು ಅವರ ಆಕ್ಷೇಪ. ಇದು ಹಗುರವಾದ ಆಕ್ಷೇಪವಲ್ಲ. ಆದರೆ ಇದಕ್ಕೆ ತಕ್ಕ ಸಮಾಧಾನವು ಆ ಕೃತಿಯ ನಾಲ್ಕನೆಯ ಭಾಗದಲ್ಲಿಯೇ ಇದೆಯೆಂದು ನನಗೆ ತೋರುವುದರಿಂದ ಈ ಲೇಖನಕ್ಕೆ ಕೈಹಾಕಿರುವೆನು.

ಕೃತಿಯ ಸ್ವರೂಪವನ್ನು ಮೊದಲು ತಿಳಿಸುವುದು ಯುಕ್ತ. ಇದು 2002ನೆಯ ಇಸವಿ ಜೂನ್ ತಿಂಗಳಿಂದ 2008ನೆಯ ಇಸವಿ ಮಾರ್ಚ್ ತಿಂಗಳವರೆಗೆ ಎಚ್.ಬಿ.ಓ. ಎಂಬ ಸಂಸ್ಥೆಯ ಮೂಲಕ ಐದು ಭಾಗಗಳಲ್ಲಿ ಪ್ರಸಾರವಾಯಿತು; ಕಂತುಗಳು ಒಟ್ಟು 60. ಕಥೆ ನಡೆಯುವ ಸ್ಥಳವು ಮೇರಿಲ್ಯಾಂಡ್ ಸಂಸ್ಥಾನದ ಬಾಲ್ಟಿಮೋರ್ ಎಂಬ ಹಳೆಯ ರೇವುಪಟ್ಟಣ. ಕರ್ತೃವಾದ ಡೇವಿಡ್ ಸೈಮನ್ ಎಂಬುವರು ಆ ಊರಿನ ‘ಬಾಲ್ಟಿಮೋರ್ ಸನ್’ ಪತ್ರಿಕೆಗೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಪೋಲೀಸು ವಾರ್ತೆಗಳನ್ನು ಬರೆದವರು. ಅವರಿಗೆ ಜೊತೆಯಾದ ಎಡ್ ಬರ್ನ್ಸ್ ಎಂಬುವರು ಅಲ್ಲಿಯ ಪೋಲೀಸಿನಲ್ಲಿ ಪತ್ತೇದಾರರಾಗಿದ್ದು, ಆ ಕೆಲಸವನ್ನು ಬಿಟ್ಟ ತರುವಾಯ ಅದೇ ನಗರದ ಸರಕಾರಿ ಶಾಲೆಯಲ್ಲಿ ಉಪಾಧ್ಯಾಯರಾದವರು. ಕಳ್ಳವ್ಯಾಪಾರಿಗಳ ಟೆಲಿಫೋನು ಮಾತುಗಳನ್ನು ಪೋಲೀಸರು ತಂತಿಗೆ ಕಿವಿಗೊಟ್ಟು ಕೇಳುವುದರಿಂದ ಕೃತಿಗೆ ಆ ಹೆಸರು. ಮೊದಲನೆಯ ಭಾಗದಲ್ಲಿ ಮಾದಕದ್ರವ್ಯಗಳ ಬೀದಿವ್ಯಾಪಾರ, ಎರಡನೆಯದರಲ್ಲಿ ರೇವಿನ ಕೂಲಿಕಾರರು, ಮೂರನೆಯದರಲ್ಲಿ ನಗರದ ರಾಜಕಾರಣ, ನಾಲ್ಕನೆಯದರಲ್ಲಿ ಶಾಲೆ, ಐದನೆಯದರಲ್ಲಿ ವೃತ್ತಪತ್ರಿಕೆ ವಸ್ತುವಾಗಿರುವುವು. ಹಿನ್ನೆಲೆಯ ಸಂಗೀತವು ಇಲ್ಲವೆಂದರೂ ಸಲ್ಲುವುದು. ಭಾಗದ ಕೊನೆಗೊಂದು ಹಾಡು ಬರುವುದನ್ನು ಬಿಟ್ಟರೆ, ಇಲ್ಲಿ ಅಳು, ಇಲ್ಲಿ ಹೆದರು ಎಂದು ಪಿಟೀಲು ಬಂದು ನಮಗೆ ಹೇಳಿಕೊಡುವುದಿಲ್ಲ.

ಸಂಸ್ಕೃತ ಬಲ್ಲವರಿಗೆ ಇದನ್ನು ನೋಡುವಾಗ ಶೂದ್ರಕನ ಮೃಚ್ಛಕಟಿಕವು ನೆನಪಾಗದೆ ಇರದು. ಅಲ್ಲಿಯೂ ನಗರವೇ ರಂಗ. ಜೂಜುಗಾರ, ಕಳ್ಳ, ಗಣಿಕೆ, ನಡುಬೀದಿಯಲ್ಲಿ ತಮ್ಮತಮ್ಮಲ್ಲೇ ಜಗಳವಾಡುವ ಕಾವಲಿನವರು, ರಾಜನ ಮೈದುನನಿಗೆ ಅಂಜುವ ನ್ಯಾಯಾಧಿಕಾರಿ. ಕನ್ನ ಕೊರೆಯುವ ವಿದ್ಯೆಯಲ್ಲಿ ಶರ್ವಿಲಕನಿಗಿರುವ ಅಭಿಮಾನವನ್ನು ಓದಿ ನಕ್ಕವರಿಗೆ, ಮಾದಕದ್ರವ್ಯದ ವ್ಯಾಪಾರಿಗಳನ್ನು ಮಾತ್ರ ದೋಚಿ ಅನ್ಯರ ಮೈಮುಟ್ಟದೆ ಬದುಕುವ ಓಮರ್ ಎಂಬ ಪಾತ್ರವು ಅಪರಿಚಿತನಂತೆ ತೋರದು. ಮೈಕೇಲ್ ವಿಲಿಯಮ್ಸ್ ಎಂಬ ನಟನು ಆ ಪಾತ್ರವನ್ನು ಬಹು ಗಂಭೀರವಾಗಿ ಅಭಿನಯಿಸಿದನು. ಆದರೆ ಶೂದ್ರಕನಲ್ಲಿ ವಸಂತಸೇನೆ ಬದುಕಿಬಂದು, ಪಾಲಕನು ಹತನಾಗಿ ಆರ್ಯಕನು ದೊರೆಯಾದನೆಂಬ ಸುದ್ದಿ ಮುಟ್ಟಿದೊಡನೆ ಚಾರುದತ್ತನ ಆಪತ್ತೆಲ್ಲ ಕಳೆದುಹೋಗುವುದು. ಬಾಲ್ಟಿಮೋರಿನಲ್ಲಿಯಾದರೋ ಮೇಯರು ಬದಲಾಗುವನು, ಪೋಲೀಸು ಕಮಿಷನರು ಬದಲಾಗುವನು, ಬೀದಿವ್ಯಾಪಾರದ ದೊರೆಯೂ ಬದಲಾಗುವನು. ಯಾರ ಆಪತ್ತೂ ಕಳೆಯುವುದಿಲ್ಲ.

ಇನ್ನು 2006ನೆಯ ಇಸವಿಯಲ್ಲಿ ಹೊರಬಂದ ನಾಲ್ಕನೆಯ ಭಾಗದ ವಿಚಾರ. ಎಂಟನೆಯ ತರಗತಿಯ ನಾಲ್ವರು ಹುಡುಗರು: ಮೈಕೇಲ್, ನೇಮಂಡ್, ರ್‍ಯಾಂಡಿ, ಡ್ಯೂಕ್ವಾನ್. ಅವರಿಗೆ ಗಣಿತ ಹೇಳಲು ಬರುವವನು ಪ್ರೆಜ್ ಎಂಬ ಮಾಜಿ ಪೋಲೀಸಿನವನು. ಸಾದಾ ಉಡುಪಿನಲ್ಲಿದ್ದ ತನ್ನ ಇಲಾಖೆಯವನನ್ನೇ ತಿಳಿಯದೆ ಗುಂಡಿಕ್ಕಿ ಕೊಂದು ಆ ಕೆಲಸವನ್ನು ಬಿಟ್ಟು ಬಂದವನು. ಶಾಲೆ ತೆರೆದ ಹೊಸತರಲ್ಲಿಯೇ ಅವನ ಕಣ್ಣೆದುರಿಗೆ ಒಬ್ಬ ಹುಡುಗಿಯು ಇನ್ನೊಬ್ಬಳ ಮುಖವನ್ನು ಕ್ಷೌರದ ಅಲಗಿನಿಂದ ಸೀಳಿಬಿಡುವಳು. ಕೋಣೆಯೆಲ್ಲ ಕೋಲಾಹಲವಾಗಿರುವಾಗ, ಮನೆಯಲ್ಲಿ ಅನ್ನಕ್ಕೂ ಬಟ್ಟೆಗೂ ಗತಿಯಿಲ್ಲದ ಡ್ಯೂಕ್ವಾನನು ತಾನು ಎಲ್ಲಿಂದಲೋ ಆಯ್ದು ತಂದ ಕೈಯಗಲದ ವಿದ್ಯುತ್ ಬೀಸಣಿಗೆಯನ್ನು ಹಿಡಿದು, ನೆಲದ ಮೇಲೆ ಕುಸಿದು ಕುಳಿತ ಹುಡುಗಿಯ ಬಳಿ ಹೋಗಿ ಮೆಲ್ಲಗೆ ಗಾಳಿ ಹಾಕುವನು. ಗಾಯಪಟ್ಟವಳಿಗಲ್ಲ, ಗಾಯಮಾಡಿದವಳಿಗೆ. ಮಾತೊಂದೂ ಇಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತರಗತಿಗಳಲ್ಲಿ ಕಳೆದವನಾದ ನಾನು, ಮಗುವಿನ ಮನಸ್ಸನ್ನು ಇಷ್ಟು ಸ್ವಲ್ಪದರಲ್ಲಿ ತೋರಿಸಿದ ದೃಶ್ಯವನ್ನು ಬೇರೆಲ್ಲಿಯೂ ಕಂಡಿಲ್ಲ.

ಪ್ರೆಜ್ ಮೆಲ್ಲಮೆಲ್ಲನೆ ಪಾಠವನ್ನು ಕಲಿಯುತ್ತಾನೆ. ಹುಡುಗರು ಹರಕು ಪುಸ್ತಕಗಳನ್ನು ಓದುತ್ತಿರುವಾಗ ಉಗ್ರಾಣದಲ್ಲಿ ಹೊಸ ಪುಸ್ತಕಗಳೂ ಒಂದು ಗಣಕಯಂತ್ರವೂ ಧೂಳು ಹಿಡಿದು ಬಿದ್ದಿರುವುದನ್ನು ಅವನು ಕಂಡುಹಿಡಿಯುವನು. ಹಳೆಯ ಆಟದ ಪೆಟ್ಟಿಗೆಗಳಿಂದ ದಾಳಗಳನ್ನು ತೆಗೆದು, ಬೀದಿಯಲ್ಲಿ ಜೂಜಾಡುವ ಮಕ್ಕಳಿಗೆ ಆ ಜೂಜಿನಿಂದಲೇ ಸಂಭಾವ್ಯತೆಯ ಗಣಿತವನ್ನು ತಿಳಿಸುವನು. ಡ್ಯೂಕ್ವಾನನ ಬಟ್ಟೆಯನ್ನು ಒಗೆಯಿಸಿಕೊಡುವನು, ಊಟವನ್ನು ಹಂಚಿಕೊಳ್ಳುವನು. ಅಷ್ಟರಲ್ಲಿ ಸಂಸ್ಥಾನದ ಪರೀಕ್ಷೆ ಬಂದಿತು. ಗಣಿತದ ಹೊತ್ತಿನಲ್ಲಿಯೂ ಭಾಷೆಯ ಮಾದರಿ ಪ್ರಶ್ನೆಗಳನ್ನೇ ಉರುಹಾಕಿಸತಕ್ಕದ್ದೆಂದು ಅಪ್ಪಣೆಯಾಯಿತು. ಪೋಲೀಸಿನಲ್ಲಿ ದರೋಡೆಯನ್ನು ಸಣ್ಣ ಕಳವೆಂದು ಬರೆದು ಅಪರಾಧದ ಲೆಕ್ಕವನ್ನು ಇಳಿಸುತ್ತಿದ್ದ ವಿದ್ಯೆಯೇ ಇಲ್ಲಿ ಅಂಕಗಳನ್ನು ಏರಿಸುವ ವಿದ್ಯೆಯಾಗಿದೆಯೆಂದು ಅವನಿಗೆ ಹೊಳೆಯುವುದು. (ನಮ್ಮ ಉಪಾಧ್ಯಾಯವರ್ಗಕ್ಕೆ ಇದನ್ನು ವಿವರಿಸಬೇಕಾದುದಿಲ್ಲ.) ಕಡೆಗೆ ವರ್ಷದ ನಡುವೆಯೇ ಡ್ಯೂಕ್ವಾನನನ್ನು ಒಂಬತ್ತನೆಯ ತರಗತಿಗೆ ಏರಿಸಿ ಬೇರೆ ಶಾಲೆಗೆ ಕಳುಹಿಸುವರು. ಕಾಗದದ ಮೇಲೆ ಅದು ಬಡ್ತಿ. ಹುಡುಗನಾದರೋ ಆ ಹೊಸ ಶಾಲೆಯ ಬಾಗಿಲವರೆಗೆ ಹೋಗಿ ಹಿಂದಿರುಗಿ, ಬೀದಿಯ ಮೂಲೆಯಲ್ಲಿ ಮಾದಕದ್ರವ್ಯ ಮಾರುವ ಮೈಕೇಲನ ಪಕ್ಕಕ್ಕೆ ಹೋಗಿ ನಿಲ್ಲುವನು.

ರ್‍ಯಾಂಡಿಯ ಕಥೆಯು ಇನ್ನೂ ಕಠಿಣವಾದುದು. ಹರ್ಕ್ ಎಂಬ ಪೋಲೀಸಿನವನು ವಿಚಾರಣೆಯಲ್ಲಿ ಅಜಾಗರೂಕತೆಯಿಂದ ಆಡಿದ ಮಾತಿನಿಂದ ಈ ಹುಡುಗನು ಸುಳಿವು ಕೊಟ್ಟನೆಂಬುದು ಬೀದಿಗೆ ತಿಳಿಯುವುದು. ಅವನನ್ನು ಸಾಕುತ್ತಿದ್ದ ಮನೆಗೆ ಬೆಂಕಿ ಬೀಳುವುದು. ಸಾಕುತಾಯಿ ಸುಟ್ಟಗಾಯಗಳಿಂದ ಆಸ್ಪತ್ರೆ ಸೇರುವಳು. ಕಾರ್ವರ್ ಎಂಬ ಇನ್ನೊಬ್ಬ ಪೋಲೀಸಿನವನು ಹುಡುಗನನ್ನು ತಾನೇ ಸಾಕಲೂ ಸಿದ್ಧನಾಗಿ ಕಚೇರಿಯಲ್ಲಿ ಬೇಡಿಕೊಂಡರೂ ನಿಯಮಗಳು ಅಡ್ಡಬರುವುವು. ಅಲ್ಲಿ ದುಷ್ಟರು ಯಾರೂ ಇಲ್ಲ. ರ್‍ಯಾಂಡಿಯನ್ನು ಅನಾಥಾಲಯದಲ್ಲಿ ಬಿಟ್ಟು ಬಂದ ಕಾರ್ವರನು ತನ್ನ ಮೋಟಾರಿನಲ್ಲಿ ಒಬ್ಬನೇ ಕುಳಿತು ಚಕ್ರವನ್ನು ಗುದ್ದುತ್ತಾನೆ; ಅಷ್ಟೆ. ಇತ್ತ ಹೊಸ ಮೇಯರಾದ ಕಾರ್ಕೆಟ್ಟಿಯು ಶಾಲೆಗಳ ಲೆಕ್ಕದಲ್ಲಿ 5 ಕೋಟಿ 40 ಲಕ್ಷ ಡಾಲರುಗಳ ಕೊರತೆಯಿರುವುದನ್ನು ಕಂಡು ಗವರ್ನರನ ಬಳಿಗೆ ಹೋಗಿಯೂ, ಆ ಹಣವನ್ನು ಬೇಡಿ ಪಡೆದರೆ ತಾನು ಮುಂದೆ ಗವರ್ನರಾಗುವ ದಾರಿಗೆ ಕಲ್ಲು ಬೀಳುವುದೆಂದು ಬರಿಗೈಯಲ್ಲಿ ಹಿಂದಿರುಗುವನು. ಇವನೂ ರಾಕ್ಷಸನಲ್ಲ, ಗವರ್ನರಾದ ಮೇಲೆ ಎಲ್ಲವನ್ನೂ ಸರಿಪಡಿಸುವೆನೆಂದು ಮನಸಾರೆ ನಂಬಿದವನು.

ಈಗ ಆಕ್ಷೇಪಕ್ಕೆ ಬರೋಣ. ನೇತೃವೆಂದರೆ ಕಥೆಯನ್ನು ಫಲದವರೆಗೆ ನಡೆಸಿಕೊಂಡು ಹೋಗುವವನು. ಇಲ್ಲಿ ಹಾಗೆ ನಡೆಸುವವರು ಪ್ರೆಜ್ಜನೂ ಅಲ್ಲ, ಮೇಯರೂ ಅಲ್ಲ. ಇಲಾಖೆ, ಪರೀಕ್ಷೆ, ಚುನಾವಣೆ, ಬೀದಿಯ ಕಟ್ಟಳೆ. ಗ್ರೀಕರ ದುರಂತನಾಟಕದಲ್ಲಿ ದೇವತೆಗಳಿಗಿದ್ದ ಸ್ಥಾನವನ್ನು ತಾನು ಸಂಸ್ಥೆಗಳಿಗೆ ಕೊಟ್ಟಿರುವುದಾಗಿ ಸೈಮನ್ನರೇ ಹೇಳಿರುತ್ತಾರೆ. ಶ್ರೀಯವರ ‘ಅಶ್ವತ್ಥಾಮನ್’ ನಾಟಕದಿಂದ ಆ ಗ್ರೀಕ್ ಮಾರ್ಗವು ಕನ್ನಡಿಗರಿಗೆ ಪರಿಚಿತವಾಗಿದೆ. ಆದರೆ ಅಲ್ಲಿ ವಿಧಿಗೆ ಎದುರಾಗಿ ನಿಲ್ಲಲು ಒಬ್ಬ ವೀರನಾದರೂ ಇರುವನು. ಇಲ್ಲಿಯ ಹುಡುಗನಿಗೆ ಎದುರಾಗುವುದು ಒಂದು ಮೇಜು, ಒಂದು ಕಡತ. ಕರುಣವು ನಿರಪೇಕ್ಷವಾದುದು, ವಿಪ್ರಲಂಭವು ಸಾಪೇಕ್ಷವಾದುದು ಎಂದು ಭರತನು ಮಾಡಿದ ವಿಭಾಗವನ್ನು ಇಲ್ಲಿ ನೆನೆಯಬೇಕು. ಆಸೆ ಉಳಿದಿರುವವರೆಗೆ ವಿಪ್ರಲಂಭ. ಆಸೆ ಕಡಿದ ಮೇಲೆ ಕರುಣ. ಈ ಹುಡುಗರಲ್ಲಿ ಪ್ರತಿಯೊಬ್ಬನ ಬಳಿಗೂ ಕೈನೀಡುವವನೊಬ್ಬನು ಬರುವನು, ಆಸೆ ಮೊಳೆಯುವುದು, ಒಂದು ನಿಯಮದಿಂದಲೋ ಒಂದು ಮರೆವಿನಿಂದಲೋ ಆ ಕೈ ಸಡಿಲುವುದು. ಆಸೆಯು ಕಡಿಯುವ ಕ್ಷಣವನ್ನೇ ಕವಿಯು ಮತ್ತೆ ಮತ್ತೆ ತೋರಿಸುವನಾದ್ದರಿಂದ ಶೋಕವು ಒಬ್ಬ ನಾಯಕನಲ್ಲಿ ನಿಲ್ಲದೆ ಹರಡುವುದು. ನಾಯಕನಿಲ್ಲದುದರಿಂದ ರಸವು ಕುಂದಿತೆಂಬುದಕ್ಕಿಂತ, ಒಬ್ಬನಿದ್ದಿದ್ದರೆ ನಾವು ಅವನಿಗಾಗಿ ಅತ್ತು ಉಳಿದವರನ್ನು ಮರೆಯುತ್ತಿದ್ದೆವು ಎಂಬುದೇ ಸರಿ.

ನೇಮಂಡನೊಬ್ಬನು ಪಾರಾಗುವನು. ಮಾಜಿ ಪೋಲೀಸು ಅಧಿಕಾರಿಯಾದ ಕಾಲ್ವಿನ್ ಸೆರೆಮನೆಗೆ ಹೋಗಿ, ಹಲವು ಕೊಲೆಗಳಿಗಾಗಿ ಆಜೀವ ಶಿಕ್ಷೆಯನ್ನನುಭವಿಸುತ್ತಿರುವ ಹುಡುಗನ ತಂದೆ ವೀ-ಬೇಯನ್ನು ಕಂಡು, ನಿನ್ನ ಮಗನನ್ನು ನನಗೆ ಕೊಡು ಎಂದು ಕೇಳುವನು. ಆ ಕೊಲೆಗಾರನು ಯೋಚಿಸಿ ಮಗನನ್ನು ಬಿಟ್ಟುಕೊಡುವನು. ನಾಲ್ವರಲ್ಲಿ ಈ ಒಬ್ಬನನ್ನು ಉಳಿಸಿದುದು ಯಾವ ಇಲಾಖೆಯೂ ಅಲ್ಲವೆಂಬುದನ್ನು ಕವಿಯು ಬಾಯಿಬಿಟ್ಟು ಹೇಳುವುದಿಲ್ಲ. ಇದೇ ಅವನ ಹಿರಿಮೆ.

ಈ ಸಂಯಮವು ಐದನೆಯ ಭಾಗದಲ್ಲಿ ಉಳಿದಿಲ್ಲ. ಪತ್ತೇದಾರನಾದ ಮ್ಯಾಕ್ನಲ್ಟಿಯು ಹಣ ದೊರಕಿಸಲೆಂದು ಇಲ್ಲದ ಕೊಲೆಗಾರನೊಬ್ಬನನ್ನು ಸೃಷ್ಟಿಸುವ ಕಥೆಯು ಔಚಿತ್ಯವನ್ನು ಮೀರಿದುದು. ಪತ್ರಿಕಾಲಯದಲ್ಲಿ ಒಳ್ಳೆಯವರು ಬರಿಯ ಒಳ್ಳೆಯವರು, ಕೆಟ್ಟವರು ಬರಿಯ ಕೆಟ್ಟವರು. ತಾನು ದುಡಿದ ಮನೆಯನ್ನು ಚಿತ್ರಿಸುವಾಗ ಸೈಮನ್ನರ ಕೋಪವು ಕೈಯನ್ನು ನಡುಗಿಸಿದೆ. ಆದರೂ ಆ ಭಾಗದಲ್ಲಿಯೇ, ಓದಿಗೆಂದು ಸುಳ್ಳು ಹೇಳಿ ಹಣ ಕೇಳುವ ಡ್ಯೂಕ್ವಾನನಿಗೆ ಪ್ರೆಜ್ ಸುಳ್ಳೆಂದು ತಿಳಿದೂ ಹಣ ಕೊಟ್ಟು, ಮೋಟಾರಿನಲ್ಲಿ ಕುಳಿತು ಅವನು ಹೋಗುವ ದಾರಿಯನ್ನು ನೋಡುವ ದೃಶ್ಯವಿದೆ. ಅದಕ್ಕಾಗಿ ಉಳಿದುದನ್ನು ಕ್ಷಮಿಸಬಹುದು.

ಬೈಗುಳದ ಭಾಷೆಯೂ ರಕ್ತವೂ ಹೇರಳವಾಗಿರುವುದರಿಂದ ಇದು ಬಾಲಕರು ನೋಡತಕ್ಕುದಲ್ಲ. ನಾಲ್ಕನೆಯ ಭಾಗವನ್ನು ಹೊಗಳಿದೆನೆಂದು ಅದರಿಂದಲೇ ಪ್ರಾರಂಭಿಸುವುದೂ ತರವಲ್ಲ. ಮೊದಲನೆಯ ಭಾಗದಲ್ಲಿ ಡಿಆಂಜೆಲೋ ಎಂಬುವನು ಬೋಡಿ ಎಂಬ ಹುಡುಗನಿಗೆ ಚದುರಂಗ ಕಲಿಸುತ್ತ, ಕಾಲಾಳುಗಳು ಬೇಗ ಸಾಯುವುವೆಂದು ತಿಳಿಸುವನು. ಜಾಣ ಕಾಲಾಳು ಉಳಿಯಬಹುದಲ್ಲ ಎಂಬುದು ಬೋಡಿಯ ಪ್ರಶ್ನೆ. ಆ ಮಣೆಯನ್ನು ನೋಡದವರಿಗೆ, ನಾಲ್ಕನೆಯ ಭಾಗದ ಕೊನೆಯಲ್ಲಿ ಬೋಡಿಯು ತನ್ನ ಬೀದಿಯ ಮೂಲೆಯನ್ನು ಬಿಟ್ಟು ಓಡದೆ ನಿಂತು ಸಾಯುವುದರ ಅರ್ಥವಾಗದು.