ಉಣುಗಿನ ಮದ್ದು ಬಚ್ಚಲಿಗೆ ಯಾಕೆ?

ನಾಯಿ ಸಾಕಿದ ಇಬ್ಬರು ಎದುರಾದರೆ ಮಾತು ಬೇಗನೆ ಉಣುಗಿಗೆ ಬರುತ್ತದೆ. ‘ಏನು ಹಾಕ್ತೀರಿ?’ ಎಂದು ಕೇಳುವವರೇ ಎಲ್ಲ, ‘ಎಲ್ಲೆಲ್ಲಿ ಹುಡುಕ್ತೀರಿ?’ ಎಂದು ಕೇಳುವವರು ಕಡಿಮೆ. ನನಗೆ ಎರಡನೆಯ ಪ್ರಶ್ನೆಯೇ ಮುಖ್ಯ.

ನಗರದ ಮನೆಗಳ ರೂಢಿ ನೋಡಿ. ತಿಂಗಳಿಗೊಮ್ಮೆ ಕತ್ತಿನ ಮೇಲೆ ನಾಲ್ಕು ಹನಿ ಮದ್ದು. ಅದರ ಜಿಡ್ಡು ಸೋಫಾಕ್ಕೆ ಮೆತ್ತೀತೆಂದು ಮರುದಿನವೇ ಶಾಂಪೂ ಸ್ನಾನ. ದುಡ್ಡು ಕೊಟ್ಟು ತಂದ ಮದ್ದಿನ ಒಂದು ಪಾಲು ಬಚ್ಚಲಿಗೆ, ಅಲ್ಲಿಂದ ಚರಂಡಿಗೆ. ಈ ಹನಿಗಳಲ್ಲಿ ಎಷ್ಟೋ ಸಲ ಇರುವುದು ಫಿಪ್ರೊನಿಲ್. ಭತ್ತದ ಕಾಂಡಕೊರಕಕ್ಕೆ ನಮ್ಮ ರೈತರು ಬಳಸುವ ಕೀಟನಾಶಕವೂ ಅದೇ. ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲೆಂಡಿನ 20 ನದಿಗಳ ನೀರಿನ ಮಾದರಿಗಳ ವಿವರವನ್ನು 2020ರಲ್ಲಿ ಹೊರತಂದರು. ಶೇ 98ರಷ್ಟು ಮಾದರಿಗಳಲ್ಲಿ ಫಿಪ್ರೊನಿಲ್ ಇತ್ತು. ಅಲ್ಲಿನ ಹೊಲಗಳಲ್ಲಿ ಅದರ ಬಳಕೆ ನಿಂತಿದ್ದರಿಂದ ಅನುಮಾನ ಹೋದದ್ದು ನಾಯಿ, ಬೆಕ್ಕುಗಳ ಮದ್ದಿನ ಮೇಲೆ. ಕೊಳಚೆ ನೀರು ಶುದ್ಧೀಕರಿಸುವ ಘಟಕಗಳನ್ನು ದಾಟಿ ಬಂದ ನದಿನೀರಿನಲ್ಲೇ ಅದರ ಪ್ರಮಾಣ ಹೆಚ್ಚಿತ್ತು. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕಥೆ ಗೊತ್ತಿರುವ ನಮಗೆ ಬಚ್ಚಲ ನೀರು ಎಲ್ಲಿ ಸೇರುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಪ್ರಶ್ನೆ. ಮನೆ ನಾಯಿಗೆ ಹತ್ತುವ ಕಂದು ಉಣುಗು ಬದುಕಿನ ಬಹುಪಾಲು ಕಳೆಯುವುದು ನಾಯಿಯ ಮೇಲಲ್ಲ, ಗೋಡೆಯ ಬಿರುಕಿನಲ್ಲಿ. ಮರಿಯಾಗಿ, ಎಳೆಯದಾಗಿ, ಬೆಳೆದ ಮೇಲೆ ಹೀಗೆ ಮೂರು ಸಲ ರಕ್ತ ಕುಡಿಯುತ್ತದೆ. ಪ್ರತಿ ಸಲವೂ ಉದುರಿ ಸಂದಿ ಸೇರುತ್ತದೆ. ಒಂದೊಂದು ಹೆಣ್ಣೂ ಸಾವಿರಾರು ಮೊಟ್ಟೆ ಇಡುತ್ತದೆ. ಹಾಗಾಗಿ ನಾಯಿ ಮಲಗುವ ಮೂಲೆಯ ಬಿರುಕಿಗೆ ಒಂದಿಷ್ಟು ಸಿಮೆಂಟು ಮೆತ್ತಿ, ಹಾಸುಬಟ್ಟೆಯನ್ನು ವಾರಕ್ಕೊಮ್ಮೆ ಕುದಿನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ಬೆರಳಿನದು. ಸಂಜೆ ತಿರುಗಾಟ ಮುಗಿಸಿ ಬಂದ ಮೇಲೆ ಕೂದಲಿನ ಎದುರು ದಿಕ್ಕಿಗೆ ಕೈಯಾಡಿಸಿ. ಕಿವಿಯ ಒಳಮಡಿಕೆ, ಕೊರಳಪಟ್ಟಿಯ ಕೆಳಗೆ, ಕಂಕುಳು, ಬಾಲದ ಬುಡ. ರಕ್ತ ಹೀರಿ ಹರಳುಬೀಜದಷ್ಟಾದ ಬೂದು ಉಣುಗು ಯಾರಿಗಾದರೂ ಸಿಗುತ್ತದೆ. ಕಾಲ್ಬೆರಳ ಸಂದಿಯಲ್ಲಿ ಕೊಳೆಯ ಚುಕ್ಕೆಯ ಹಾಗೆ ಕೂತಿರುವ ಎಳೆಯದನ್ನು ಹಿಡಿಯುವುದರಲ್ಲಿದೆ ನಿಮ್ಮ ಕಸುಬು. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ, ಸ್ಪಿರಿಟ್ಟಿಗೆ ಹಾಕಿ. ಉಗುರಿನಲ್ಲಿ ಹೊಸಕಬೇಡಿ. ಕೂದಲು ಗಿಡ್ಡವಿರುವ ನಮ್ಮ ಮುಧೋಳ ತಳಿಯಲ್ಲಿ ಈ ಕೆಲಸ ಬೇಗ ಮುಗಿಯುತ್ತದೆ. ಉದ್ದ ಕೂದಲಿನ ಶಿಟ್ಜು ಸಾಕಿದವರಿಗೆ ನನ್ನ ಸಹಾನುಭೂತಿ.

ಮನೆಮದ್ದೆಲ್ಲ ಪರಿಸರಸ್ನೇಹಿ ಎಂಬ ಭ್ರಮೆ ಬೇಡ. ಕೊಬ್ಬರಿ ಎಣ್ಣೆಗೆ ಕರ್ಪೂರ ಬೆರೆಸಿ ಹಚ್ಚುವವರಿದ್ದಾರೆ. ಕರ್ಪೂರ ನಾಯಿಗೆ ವಿಷ. ಸೀಮೆಎಣ್ಣೆಯಂತೂ ಕ್ರೌರ್ಯ. ಅಂಗಡಿಯ ಮದ್ದಿನಲ್ಲೂ ಎಚ್ಚರ ಬೇಕು: ನಾಯಿಗೆಂದು ತಂದ ಪರ್ಮೆಥ್ರಿನ್ ಮದ್ದು ಬೆಕ್ಕಿಗೆ ತಗುಲಿದರೆ ಪ್ರಾಣಕ್ಕೇ ಸಂಚಕಾರ.

ಮದ್ದನ್ನೇ ಬಿಡಿ ಎಂದು ನಾನು ಹೇಳುತ್ತಿಲ್ಲ. ಉಣುಗು ಜ್ವರ ಬಂದ ನಾಯಿಯನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಕ್ಯಾಲೆಂಡರ್ ನೋಡಿ ಹಾಕುವ ಬದಲು ಯಾವುದು, ಎಷ್ಟು, ಯಾವಾಗ ಎಂದು ಪಶುವೈದ್ಯರನ್ನು ಕೇಳಿ. ಸ್ನಾನ ಮಾಡಿಸುವುದಿದ್ದರೆ ಮದ್ದಿಗೆ ಎರಡು ದಿನ ಮೊದಲೇ ಮಾಡಿಸಿ. ಹಾಕಿದ ಮೇಲೆ ಪೊಟ್ಟಣದಲ್ಲಿ ಬರೆದಷ್ಟು ದಿನ ಬಚ್ಚಲೂ ಬೇಡ, ಕೆರೆಯ ಈಜೂ ಬೇಡ.